ಮನೆಯೊಳಗಿನ ಸುರಂಗ

ಮಂಜುನಾಥ ತೀರಿಕೊಂಡ ಮೇಲೆ ಮಾಸ್ತಪ್ಪನ ಮನೆಯಲ್ಲಿ ವರ್ಷದವರೆಗೆ ಯಾವ ಹಬ್ಬವೂ ನಡೆಯಲಿಲ್ಲ. ವರ್ಷಾಂತಿಕ ಕಳೆದ ಮೇಲೆ ಬಂದ ಮೊದಲ ಹಬ್ಬವೇ ಆಯುಧ ಪೂಜೆ. ಕೋಣಂದೂರು ಪೇಟೆಯಲ್ಲಿ ಮಾಸ್ತಪ್ಪನದು ಹಿಟ್ಟಿನ ಗಿರಣಿ, ಅದರ ಹಿಂದೆಯೇ ಮನೆ. ಆ ಬೆಳಿಗ್ಗೆ ಅವನು ಬೆಲ್ಟು ಕಳಚಿ, ಕಲ್ಲಿನ ಮೇಲಿನ ಹಿಟ್ಟು ಉದುರಿಸಿ, ಮೋಟಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ತನ್ನ ಪಾಲಿನ ಹಬ್ಬ ಮುಗಿಸಿಬಿಟ್ಟ. ಅವನ ಹೆಂಡತಿ ಗುತ್ಯಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕತ್ತಿ, ಹಾರೆ, ಈಳಿಗೆ ಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಮೊಮ್ಮಗಳು ಬಿಂದುಶ್ರೀಯ ಸೈಕಲ್ಲು, ಎಲ್ಲವನ್ನೂ ತೊಳೆದು ಒರೆಸಿ ಬೊಟ್ಟಿಟ್ಟಳು. ಕೊನೆಗೆ ಮಗನ ಕೋಣೆಗೆ ಬಂದಳು.

ಆ ಕೋಣೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಬಿಳಿಯದು ಇಂಟರ್‌ನೆಟ್ ಕಂಪನಿಯವರು ಹಾಕಿಹೋದದ್ದು. ಕಪ್ಪಗಿನದು ಮಂಜುನಾಥ ಸಾಗರದಿಂದ ತರಿಸಿ ತಾನೇ ಕೂರಿಸಿದ್ದ ರೂಟರ್. ಒಂದರಿಂದ ಇನ್ನೊಂದಕ್ಕೆ ಹಳದಿ ಬಣ್ಣದ ವೈರು. ಗುತ್ಯಮ್ಮ ಸ್ವಿಚ್ ಆರಿಸಿ, ವೈರು ಬಿಚ್ಚಿ, ಕಪ್ಪು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಣ ಬಟ್ಟೆಯಲ್ಲಿ ಧೂಳು ಒರೆಸಿದಳು. ಅರಿಶಿನ ಕುಂಕುಮ ಹಚ್ಚಿ ಒಂದು ಸೇವಂತಿಗೆ ಇಟ್ಟಳು. ಪೆಟ್ಟಿಗೆಯ ಬೆನ್ನಿನಲ್ಲಿ ಐದು ತೂತುಗಳಿದ್ದವು. ನಾಲ್ಕು ಹಳದಿ, ಸ್ವಲ್ಪ ಆಚೆಗೆ ಒಂದು ನೀಲಿ. ಹಳದಿ ವೈರನ್ನು ಹಳದಿ ತೂತಿಗೆ ಸಿಕ್ಕಿಸಿ ಸ್ವಿಚ್ ಹಾಕಿದಳು. ದೀಪಗಳು ಹತ್ತಿಕೊಂಡವು. ಅವಳು ಕೈ ಮುಗಿದಳು.

ಆ ಪೆಟ್ಟಿಗೆಯ ಮೇಲೆ ಅವಳಿಗೆ ಅಷ್ಟು ಅಕ್ಕರೆ ಇದ್ದದ್ದಕ್ಕೆ ಕಾರಣವಿತ್ತು. ಸೊಸೆ ಜ್ಯೋತಿಲಕ್ಷ್ಮಿಗೆ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸುವ ಒಂದು ಕಂಪನಿಯಲ್ಲಿ ಕೆಲಸ. ಕಂಪನಿಯ ದೊಡ್ಡ ಕಚೇರಿ ಮಂಗಳೂರಿನಲ್ಲಿ, ಚಿಕ್ಕದೊಂದು ಶಾಖೆ ತೀರ್ಥಹಳ್ಳಿಯಲ್ಲಿ. ಮದುವೆಯಾದಾಗಿನಿಂದ ಅವಳು ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿಬರುತ್ತಿದ್ದಳು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಮಂಜುನಾಥನಿಗೆ ಕಿಡ್ನಿಯ ಕಾಯಿಲೆ ಜೋರಾಗಿ ಅವನನ್ನು ಒಬ್ಬನೇ ಬಿಡುವ ಹಾಗಿಲ್ಲದಾಗ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿತು. ಆದರೆ ರೋಗಿಗಳ ಕಾಗದಪತ್ರ ಬೇರೆ ಯಾರ ಕಣ್ಣಿಗೂ ಬೀಳಬಾರದು, ವಿಪಿಎನ್ ಮೂಲಕವೇ ಕೆಲಸ ಮಾಡಬೇಕು ಎಂದು ಷರತ್ತು ಹಾಕಿತು. ಮಂಜುನಾಥ ಬೆನ್ನಿಗೆ ದಿಂಬು ಕೊಟ್ಟುಕೊಂಡು ಹಾಸಿಗೆಯಲ್ಲೇ ಕೂತು ಅದನ್ನೆಲ್ಲ ರೂಟರಿನಲ್ಲಿ ಜೋಡಿಸಿದ.

"ಎಂಥದೋ ಅದು?" ಎಂದು ಗುತ್ಯಮ್ಮ ಆಗ ಕೇಳಿದ್ದಳು.

"ಸುರಂಗ ಕಣಮ್ಮ. ಬಸ್ಸು ಲಾರಿ ಎಲ್ಲ ಓಡೋ ರಸ್ತೆ ಇದ್ಯಲ್ಲ, ಅದರ ಅಡೀಲಿ ನಮ್ಮನೆಗೆ ಅಂತಲೇ ಒಂದು ಸುರಂಗ ಕೊರೆದಂಗೆ. ಈ ಬಾಯಿ ನಮ್ಮ ಕೋಣೇಲಿ, ಆ ಬಾಯಿ ಆಫೀಸಲ್ಲಿ. ಮಧ್ಯದಲ್ಲಿ ಏನು ಹೋಗ್ತದೆ ಅಂತ ಯಾರಿಗೂ ಕಾಣಲ್ಲ."

"ಹಂಗಾದ್ರೆ ಜ್ಯೋತಿ ಬಸ್ಸಿಗೆ ಹೋಗೋದು ಬೇಡ?"

"ಬೇಡ. ಇಲ್ಲೇ ಇರ್ತಾಳೆ."

ಮನೆಯ ವೈಫೈಗೆ ಹೆಸರಿಡುವಾಗ ಅವನು ನಗುತ್ತ 'ಗುತ್ಯಮ್ಮನ ಗಿರಣಿ' ಎಂದು ಹಾಕಿದ. ಮಾಸ್ತಪ್ಪ ಸುಳ್ಳು ಸಿಟ್ಟು ತೋರಿಸಿದ: "ಬಂಡವಾಳ ನಂದು, ಹೆಸರು ಅವಳದ್ದಾ?" ಅದಾದ ಏಳೆಂಟು ತಿಂಗಳಿಗೆ ಮಗ ಹೋದ. ಸೊಸೆ ಅದೇ ಕೋಣೆಯಲ್ಲಿ, ಅವನ ಮಂಚ ಇದ್ದ ಜಾಗಕ್ಕೆ ಮೇಜು ಎಳೆದುಕೊಂಡು, ಅದೇ ಕೆಲಸ ಮುಂದುವರಿಸಿದಳು.

ಹಬ್ಬದ ರಜೆ ಕಳೆದು ಜ್ಯೋತಿಲಕ್ಷ್ಮಿ ಕೆಲಸಕ್ಕೆ ಕುಳಿತಾಗ ಕಪ್ಪು ಪೆಟ್ಟಿಗೆಯ ಮೂರನೆಯ ದೀಪ, ಸುರಂಗದ್ದು, ಹಸಿರಾಗಲಿಲ್ಲ. ಕೆಂಪಗೆ ಮಿಣುಕುತ್ತಿತ್ತು. ಅವಳು ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿ, ಕೈ ಬಿಡುವಾಗಿರಲೆಂದು ಸ್ಪೀಕರ್ ಹಾಕಿದಳು.

"ಮೇಡಂ, ಇಂಟರ್‌ನೆಟ್ ಬರ್ತಾ ಇದ್ಯಾ?"

"ಬರ್ತಾ ಇದೆ ಸರ್. ಮೊಬೈಲಲ್ಲಿ ಎಲ್ಲ ಓಡ್ತಿದೆ."

"ಹಾಗಾದ್ರೆ ಲೈನ್ ಸರಿ ಇದೆ. ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ."

ಮಾಡಿದಳು. ಮೂರನೆಯ ದೀಪ ಕೆಂಪಗೇ ಇತ್ತು.

"ಪಾಸ್‌ವರ್ಡ್ ಬದಲಾಯ್ಸಿದ್ರಾ?"

"ಇಲ್ಲ ಸರ್."

"ಕಂಪನಿ ಕಡೆಯಿಂದ ನಿಮ್ಮ ಟನಲ್ ಕಾಣ್ತಾನೇ ಇಲ್ಲ ಮೇಡಂ. ನಿಮ್ಮ ನೆಟ್‌ನೋರು ಏನಾದ್ರೂ ತಡೆ ಹಾಕಿದಾರಾ ಕೇಳಿ."

ನೆಟ್ ಕಂಪನಿಯವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು: ನಿಮಗೆ ಇಂಟರ್‌ನೆಟ್ ಬರುತ್ತಿದೆ ತಾನೇ, ನಮ್ಮ ಕಡೆ ಏನೂ ತೊಂದರೆ ಇಲ್ಲ, ನಿಮ್ಮ ಆಫೀಸಿನವರನ್ನು ಕೇಳಿ. ಮಾಸ್ತಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

"ಬೆಲ್ಟು ಜಾರಿದಂಗಾಯ್ತು," ಅಂದ. "ಮೋಟಾರೇನೋ ತಿರುಗ್ತದೆ, ಹಿಟ್ಟು ಬೀಳಲ್ಲ."

"ಮಾವ, ನಿಮಗೆ ತಮಾಷೆ."

"ತಮಾಷೆ ಅಲ್ಲಮ್ಮ. ಗಿರಣಿ ಆಗಿದ್ರೆ ನಾನೇ ಒಂದು ಕೈ ನೋಡ್ತಿದ್ದೆ."

ಆ ದಿನ ಹೀಗೇ ಹೋಯಿತು. ಸಂಜೆಯೇ ತೀರ್ಥಹಳ್ಳಿ ಶಾಖೆಯ ಮುಖ್ಯಸ್ಥ ಕಾಂತರಾಜ್ ಫೋನ್ ಮಾಡಿದ. ಕೆಲಸ ನಿಲ್ಲುವ ಹಾಗಿಲ್ಲ, ಲೈನ್ ಸರಿಯಾಗುವವರೆಗೆ ಶಾಖೆಗೆ ಬಂದು ಕೂತು ಮಾಡಿ ಅಂದ. ದೀಪಾವಳಿಯವರೆಗೆ ಕಾಯುತ್ತೇವೆ, ಅಷ್ಟರಲ್ಲೂ ಸರಿಯಾಗದಿದ್ದರೆ ಮನೆಯಿಂದ ಕೆಲಸ ಮಾಡುವ ಅನುಮತಿ ರದ್ದಾಗುತ್ತದೆ, ಆಮೇಲೆ ಇಲ್ಲಿ ಕೂರಿಸುತ್ತಾರೋ ಮಂಗಳೂರಿಗೆ ಕರೆಸುತ್ತಾರೋ ದೊಡ್ಡ ಕಚೇರಿಗೆ ಬಿಟ್ಟದ್ದು ಎಂದೂ ಹೇಳಿದ.

ಗುತ್ಯಮ್ಮನ ಕಿವಿಗೆ ಮಂಗಳೂರು ಎಂಬುದೊಂದೇ ಬಿತ್ತು. ಸೊಸೆ ಮಂಗಳೂರಿಗೆ ಹೋದರೆ ಮೊಮ್ಮಗಳೂ ಹೋಗುತ್ತಾಳೆ. ಮೊಮ್ಮಗಳು ಹೋದರೆ ಮಗನ ಕಡೆಯದು ಅಂತ ಈ ಮನೆಯಲ್ಲಿ ಉಳಿಯುವುದೇನು? ಅವಳು ಒಲೆಯ ಮುಂದೆ ಕೂತು ಸಾರು ಕುದಿದು ಬತ್ತುವವರೆಗೂ ಏಳಲಿಲ್ಲ.

"ಮಂಗಳವಾರ ಶುಕ್ರವಾರ ನಂಗೆ ರಾತ್ರಿ ಊಟ ಬೇಡ," ಎಂದು ಅಂದೇ ಹೇಳಿದಳು. "ಚೌಡಮ್ಮಂಗೆ ಹರಕೆ ಹೊತ್ತಿದೀನಿ. ಆ ದೀಪ ಹಸಿರಾಗೋ ತನಕ ಒಪ್ಪೊತ್ತು."

ಬ್ಯಾಕೋಡಿನ ಕಡೆ ಹುಟ್ಟಿದ ಹೆಣ್ಣು ಅವಳು. ಹಿನ್ನೀರಿನ ಆ ಸೀಮೆಯಲ್ಲಿ ಚೌಡಮ್ಮನನ್ನು ಕೇಳದೆ ಯಾರೂ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ.

"ಅತ್ತೆ, ವಿಪಿಎನ್‌ಗೆಲ್ಲ ಯಾರಾದ್ರೂ ಹರಕೆ ಹೊತ್ಕೊಳ್ತಾರಾ?" ಜ್ಯೋತಿಲಕ್ಷ್ಮಿಗೆ ನಗುವೂ ಬಂತು, ಕಸಿವಿಸಿಯೂ ಆಯಿತು.

"ಕಳೆದ್ಹೋದ ದನಕ್ಕೆ ಹೊರ್ತೀವಿ, ಹೆರಿಗೆಗೆ ಹೊರ್ತೀವಿ. ಇದಕ್ಯಾಕೆ ಹೊರಬಾರ್ದು?"

ಮರುದಿನದಿಂದ ಮನೆಯ ಬೆಳಗು ಬೇರೆಯಾಯಿತು. ಜ್ಯೋತಿಲಕ್ಷ್ಮಿ ಎಂಟೂವರೆಯ ಬಸ್ಸು ಹಿಡಿಯಬೇಕು. ಬಿಂದುಶ್ರೀಗೆ ಜಡೆ ಹಾಕುವುದು, ಶಾಲೆಗೆ ಬಿಡುವುದು ಅಜ್ಜಿಯ ಪಾಲಿಗೆ ಬಂತು.

"ಅಜ್ಜಿ, ಬಿಗಿಯಾಯ್ತು. ಅಮ್ಮ ಹಿಂಗೆ ಎಳೆಯಲ್ಲ."

"ನಿಮ್ಮಪ್ಪನ ಜುಟ್ಟನ್ನೂ ಹಿಂಗೇ ಎಳೆದು ಕಟ್ತಿದ್ದೆ, ಸುಮ್ನಿರು."

"ಅಪ್ಪಂಗೆ ಜುಟ್ಟಿತ್ತಾ?"

"ಚೌಲ ಆಗೋ ತನಕ ಇತ್ತು. ನೆಟ್ಟಗೆ ಕೂತ್ಕೊ."

ಕಡುಬು ಬೇಯಿಸುವ ಹೊತ್ತಿಗೆ ಸೊಸೆಗೆ ಬುತ್ತಿಯೂ ಆಗಬೇಕು. ಗುತ್ಯಮ್ಮ ಗೊಣಗಿಕೊಂಡೇ ಕಟ್ಟಿ ಕೊಡುತ್ತಿದ್ದಳು. ಸಂಜೆ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಮನೆಯಲ್ಲಿದ್ದಾಗ ಅರ್ಧ ತಟ್ಟೆ ಅನ್ನ ಬಿಟ್ಟೇಳುತ್ತಿದ್ದವಳು ಅಲ್ಲಿ ಪೂರ್ತಿ ತಿನ್ನುತ್ತಿದ್ದಾಳಲ್ಲ ಎಂದು ಗುತ್ಯಮ್ಮನಿಗೆ ಒಂದು ಬಗೆಯ ಸಂಕಟ.

ದುಗ್ಗಮ್ಮ ಪಕ್ಕದ ಕೇರಿಯವಳು. ಅಕ್ಕಿ ಬೀಸಿಸಲು ಗಿರಣಿಗೆ ಬಂದವಳು ಹಿಟ್ಟು ತುಂಬಿಸಿಕೊಳ್ಳುತ್ತ ಕೇಳಿದಳು: "ನಿನ್ನ ಸೊಸೆ ದಿನಾ ಬಸ್ಸಿಗೆ ಹೋಗ್ತಾಳಂತಲ್ಲೆ?"

"ಮನೆ ಲೈನು ಕೆಟ್ಟಿದೆ. ಸರಿಯಾಗೋ ತನಕ."

"ಲೈನು ಸರಿಯಾಗ್ತದೆ ಮಾರಾಯ್ತಿ. ಹೊರಗಿನ ರುಚಿ ಹತ್ತಿದ್ದು ಸರಿಯಾಗ್ತದಾ ನೋಡು. ವಯಸ್ಸು ಎಷ್ಟು ಅವಳಿಗೆ, ಮೂವತ್ತೈದಾ?"

"ಹಿಟ್ಟು ಬಿಸಿ ಇದೆ, ಮನೆಗೆ ಹೋಗಿ ಹರಡು," ಎಂದು ಗುತ್ಯಮ್ಮ ಮುಖ ತಿರುಗಿಸಿದಳು. ಆದರೆ ಮಾತು ಎದೆಯಲ್ಲಿ ಉಳಿಯಿತು.

ಆ ಶನಿವಾರ ಜ್ಯೋತಿಲಕ್ಷ್ಮಿಗೆ ಅರ್ಧ ದಿನ. ಊಟ ಮಾಡಿ ಕೋಣೆಗೆ ಹೋಗಿ ಮತ್ತೆ ಸಹಾಯದವರಿಗೆ ಫೋನ್ ಹಚ್ಚಿದಳು. ಹಿಂದಿನದೆಲ್ಲ ಅಳಿಸಿ ಹೊಸದಾಗಿ ಜೋಡಿಸುವುದು ಬಿಟ್ಟು ಬೇರೆ ದಾರಿ ಇಲ್ಲ ಎಂದರು. ಪೆಟ್ಟಿಗೆಯ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತಿರುತ್ತದೆ, ಅದರೊಳಗೆ ಪಿನ್ನು ಒತ್ತಿ ಹಿಡಿಯಿರಿ, ಆಮೇಲೆ ಫೋನ್ ಮಾಡಿ ಎಂದರು. ಗುತ್ಯಮ್ಮ ಕಾಫಿ ಹಿಡಿದುಕೊಂಡು ಬಂದವಳು ಕೇಳಿದಳು.

"ಅಳಿಸೋದು ಅಂದ್ರೆ ಏನು?"

"ನಿಮ್ಮ ಮಗ ಹಾಕಿದ್ದೆಲ್ಲ ಹೋಗ್ತದೆ ಅತ್ತೆ. ಪೆಟ್ಟಿಗೆ ಅಂಗಡಿಯಿಂದ ಬಂದಾಗ ಹೆಂಗಿತ್ತೋ ಹಂಗಾಗ್ತದೆ."

"ನನ್ನ ಹೆಸರು?"

"ಅದೂ ಹೋಗ್ತದೆ. ಆಮೇಲೆ ಮತ್ತೆ ಅದೇ ಹೆಸರು ಹಾಕಿದ್ರಾಯ್ತು."

"ನೀನು ಹಾಕಿದ್ರೆ ಅದು ನೀನು ಹಾಕಿದ್ದಾಯ್ತು. ಅವನು ಹಾಕಿದ್ದು ಹೋಯ್ತಲ್ಲ." ಗುತ್ಯಮ್ಮ ಕಾಫಿ ಲೋಟ ಮೇಜಿನ ಮೇಲೆ ಕುಕ್ಕಿದಳು. "ಅವನ ಬಟ್ಟೆ ಕೊಟ್ರಿ, ಮಂಚ ತೆಗೆದ್ರಿ, ನಾನು ಮಾತಾಡ್ಲಿಲ್ಲ. ಇದನ್ನ ಮುಟ್ಟಬೇಡ."

"ಮುಟ್ಟದೆ ಸರಿ ಮಾಡೋದು ಹೆಂಗೆ? ನಾನು ಮನೇಲಿರ್ಬೇಕು ಅಂತೀರಿ, ಪೆಟ್ಟಿಗೆ ಮುಟ್ಟಬೇಡ ಅಂತೀರಿ."

"ಬೇರೆ ಏನಾದ್ರೂ ದಾರಿ ನೋಡು. ಓದಿದೋಳು ನೀನು."

ಜ್ಯೋತಿಲಕ್ಷ್ಮಿ ಕೈಯಲ್ಲಿ ಪಿನ್ನು ಹಿಡಿದು, ಪೆಟ್ಟಿಗೆಯನ್ನು ಹಲಗೆಯಿಂದ ಇಳಿಸಿ ಬೆನ್ನು ತಿರುಗಿಸಿದ್ದಳು. ಸ್ವಲ್ಪ ಹೊತ್ತು ಹಾಗೆಯೇ ನೋಡಿದಳು. ಆಮೇಲೆ ಅದನ್ನು ಇದ್ದಲ್ಲಿಯೇ ಇಟ್ಟು ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡಳು.

"ಆಯ್ತು ಅತ್ತೆ. ಮುಟ್ಟಲ್ಲ."

ಅಷ್ಟು ಬೇಗ ಒಪ್ಪಿದಳಲ್ಲ ಎಂದು ಗುತ್ಯಮ್ಮನಿಗೇ ಆಶ್ಚರ್ಯವಾಯಿತು.

ಭೂಮಿ ಹುಣ್ಣಿಮೆ ಬಂತು. ಮಾಸ್ತಪ್ಪನ ತಂದೆ ಗೇಣಿಗೆ ಮಾಡುತ್ತಿದ್ದ ಗದ್ದೆ, ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಇವರದೇ ಆಗಿತ್ತು. ದೊಡ್ಡದೇನಲ್ಲ, ಮನೆಯ ಅಕ್ಕಿಗೆ ಸಾಕು. ಹಿಂದಿನ ವರ್ಷ ಭೂಮಿತಾಯಿಗೆ ಉಣ್ಣಿಸಿರಲಿಲ್ಲ. ಈ ಸಲ ಗುತ್ಯಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದಳು. ಸೊಪ್ಪು ಸದೆ, ಅಮಟೆಕಾಯಿ ಎಲ್ಲ ಸೇರಿಸಿ ಎಡೆಯ ಚರು ಬೇಯಿಸಿ, ಕಡುಬು ಮಾಡಿದಳು. ನಸುಕಿನಲ್ಲಿ ನಾಲ್ವರೂ ಗದ್ದೆಗೆ ಹೋದರು. ಮಾಸ್ತಪ್ಪ ತುಂಬಿದ ಪೈರಿನ ಮೇಲೆ ಚರು ಚೆಲ್ಲಿ ಭೂಮಿತಾಯಿಯನ್ನು ಉಣ್ಣಲು ಕೂಗಿ ಕರೆದ. ಬೆಳಕಾದ ಮೇಲೆ ಬದುವಿನ ಮೇಲೆ ಕುಳಿತು ಬಾಳೆಲೆಯಲ್ಲಿ ಊಟ ಮಾಡಿದರು.

"ನಮ್ಮ ಆಫೀಸಿಗೆ ಶಿವಮೊಗ್ಗದಿಂದ ಒಬ್ಬಳು ಬರ್ತಾಳೆ, ಸೌಜನ್ಯ ಅಂತ," ಎಂದು ಜ್ಯೋತಿಲಕ್ಷ್ಮಿ ಬಿಂದುಶ್ರೀಗೆ ಹೇಳುತ್ತಿದ್ದಳು. "ಮೊನ್ನೆ ಬಸ್ಸಲ್ಲಿ ನಿದ್ದೆ ಹೋಗಿ ಆಗುಂಬೆ ಮುಟ್ಟಿದಾಳೆ! ಕಾಂತರಾಜ್ ಸರ್ ಕೇಳಿದ್ರೆ, ಸೂರ್ಯಾಸ್ತ ನೋಡೋಕೆ ಹೋಗಿದ್ದೆ ಅಂದ್ಲಂತೆ. ಬೆಳಿಗ್ಗೆ ಹತ್ತು ಗಂಟೆಗೆ!"

ಹೇಳುತ್ತ ಹೇಳುತ್ತ ಅವಳು ಜೋರಾಗಿ ನಕ್ಕಳು. ಬಿಂದುಶ್ರೀ ನಕ್ಕಳು. ಮಾಸ್ತಪ್ಪನೂ ನಕ್ಕ. ಗುತ್ಯಮ್ಮ ಮಾತ್ರ ಕಡುಬಿನ ಚೂರು ಕೈಯಲ್ಲಿ ಹಿಡಿದು ಕುಳಿತಳು. ಮಗ ಹೋದ ಮೇಲೆ ಸೊಸೆ ಹೀಗೆ ನಕ್ಕದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಮಂಜುನಾಥ ಇದ್ದಿದ್ದರೆ ಅವನು ಈ ಬದುವಿನಲ್ಲಿ ಎಲ್ಲಿ ಕೂರುತ್ತಿದ್ದ ಎಂದು ಅವಳ ಕಣ್ಣು ಹುಡುಕಿತು.

ಮನೆಗೆ ಬರುವಾಗ ಅವಳು ಗಂಡನಿಗೆ ಹೇಳಿದಳು: "ಪೂರ್ಣೇಶಂಗೆ ಫೋನ್ ಮಾಡಿ. ಹೊಸನಗರದಿಂದ ಒಮ್ಮೆ ಬಂದು ಹೋಗ್ಲಿ."

"ಸಹಾಯದೋರ ಕೈಲೇ ಆಗಿಲ್ಲ, ಅವನ ಕೈಲಾಗ್ತದಾ?"

"ಅದೇ ಕೆಲಸ ಕಲ್ತು ಅದರಲ್ಲೇ ಉಣ್ತಿಲ್ವಾ ಅವನು? ಫೋನಲ್ಲಿ ಸಾವಿರ ಹೇಳ್ತಾರೆ. ಬಂದು ಕಣ್ಣಲ್ಲಿ ನೋಡಿದೋರು ಒಬ್ಬರಾದ್ರೂ ಇದಾರಾ?"

ಪೂರ್ಣೇಶ ಮಾಸ್ತಪ್ಪನ ತಮ್ಮನ ಮಗ. ಹೊಸನಗರದಲ್ಲಿ ಬ್ಯಾಂಕು, ಕಚೇರಿಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಅಂಗಡಿ ಇಟ್ಟಿದ್ದ. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತ ಹನ್ನೆರಡು ದಿನ ಕಳೆದ. ಅಷ್ಟು ದಿನವೂ ಗುತ್ಯಮ್ಮ ಮಂಗಳವಾರ ಶುಕ್ರವಾರ ರಾತ್ರಿ ನೀರು ಕುಡಿದು ಮಲಗಿದಳು. ಒಂದು ಶುಕ್ರವಾರ ಇಳಿಹೊತ್ತಿಗೆ ತಲೆ ಸುತ್ತಿ ಬಂದು ಅವಳು ಒಲೆಯ ಪಕ್ಕ ಕುಸಿದು ಕೂತಳು.

"ಅತ್ತೆ, ಇವತ್ತೊಂದಿನ ಉಣ್ಣಿ. ಚೌಡಮ್ಮ ಏನೂ ಅನ್ಕೊಳ್ಳಲ್ಲ," ಎಂದು ಜ್ಯೋತಿಲಕ್ಷ್ಮಿ ಆ ಸಂಜೆ ಬಸ್ಸಿಳಿದು ಬಂದವಳೇ ತಟ್ಟೆ ಹಿಡಿದು ಬೇಡಿಕೊಂಡಳು.

"ನೀನು ಮನೇಲಿ ಕೂತ ದಿನ ಉಣ್ತೀನಿ."

ಜ್ಯೋತಿಲಕ್ಷ್ಮಿ ತಟ್ಟೆ ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಆ ರಾತ್ರಿ ಅವಳೂ ಊಟ ಮಾಡಲಿಲ್ಲ.

ದೀಪಾವಳಿಗೆ ಎರಡು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಪೂರ್ಣೇಶ ಬೈಕಿನಲ್ಲಿ ಬಂದಿಳಿದ. "ದೊಡ್ಡಮ್ಮ, ಮೊದಲು ಊಟ, ಆಮೇಲೆ ಕೆಲಸ," ಅಂದ. ಮೀನು ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಕೋಣೆಗೆ ಬಂದ. ಎಲ್ಲರೂ ಹಿಂದೆಯೇ ಬಂದರು. ಅವನು ಲ್ಯಾಪ್‌ಟಾಪ್ ತೆರೆಯುವ ಮುನ್ನ ದೀಪಗಳನ್ನು ನೋಡಿದ. ವೈರು ಹಿಡಿದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬೆರಳಾಡಿಸಿಕೊಂಡು ಹೋದ. ಆಮೇಲೆ ತಲೆಯೆತ್ತಿ ಎಲ್ಲರ ಮುಖ ನೋಡಿದ.

"ಇದನ್ನ ಯಾರು ಬಿಚ್ಚಿ ಹಾಕಿದ್ದು?"

"ನಾನೇ," ಎಂದಳು ಗುತ್ಯಮ್ಮ. "ಆಯುಧ ಪೂಜೆ ದಿನ ಒರೆಸೋಕೆ ಅಂತ ಬಿಚ್ಚಿದ್ದೆ. ಯಾಕೋ?"

ಪೂರ್ಣೇಶ ನಕ್ಕುಬಿಟ್ಟ. "ಹೊರಗಿನ ಲೈನು ಈ ನೀಲಿ ತೂತಿಗೆ ಬರ್ಬೇಕು ದೊಡ್ಡಮ್ಮ. ನೀವು ಹಳದಿಗೆ ಹಾಕಿದೀರಿ. ಹಳದಿಗೆ ಹಾಕಿದ್ರೆ ಬಿಳಿ ಪೆಟ್ಟಿಗೆಯ ಇಂಟರ್‌ನೆಟ್ಟು ಇದರೊಳಗಿಂದ ಹಂಗೇ ಹಾದು ಮೊಬೈಲಿಗೆ ಬರ್ತದೆ. ಆದ್ರೆ ಈ ಪೆಟ್ಟಿಗೆಗೆ ಹೊರಗೊಂದು ಪ್ರಪಂಚ ಇದೆ ಅಂತಲೇ ಗೊತ್ತಾಗಲ್ಲ. ಮತ್ತೆ ಸುರಂಗ ಎಲ್ಲಿಂದ ಕೊರೀತದೆ?"

ಅವನು ವೈರು ಕಿತ್ತು ನೀಲಿ ತೂತಿಗೆ ಹಾಕಿದ. ದೀಪಗಳು ಆರಿ ಹತ್ತಿದವು. ಮೂರನೆಯದು ಕೆಂಪಗೆ ಮಿಣುಕಿತು, ಮತ್ತೆ ಮಿಣುಕಿತು, ಹಸಿರಾಗಿ ನಿಂತಿತು. ಬಿಂದುಶ್ರೀ ಚಪ್ಪಾಳೆ ತಟ್ಟಿದಳು.

"ಅಷ್ಟೇನಾ?" ಅಂದ ಮಾಸ್ತಪ್ಪ. "ನಮ್ಮ ಚೌಡಮ್ಮಂಗೂ ನೀಲಿ ಹಳದಿ ಗೊತ್ತಾಗ್ಲಿಲ್ವಲ್ಲ!"

ಗುತ್ಯಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಕೈಯಿಂದಲೇ ಆಯ್ತಾ? ನನ್ನಿಂದ ಈ ಹುಡುಗಿ ದಿನಾ ಬಸ್ಸಲ್ಲಿ ನೇತಾಡಿಕೊಂಡು ಹೋಗೋ ಹಂಗಾಯ್ತಾ? ಜ್ಯೋತಿ, ತಪ್ಪಾಯ್ತು ಕಣೆ. ಕಣ್ಣಿಲ್ಲದ ಮುದುಕಿ ನಾನು. ನಿಂಗೆ ಎಷ್ಟು ಕಷ್ಟ ಕೊಟ್ಟೆ..."

"ಅತ್ತೆ, ಹಾಗೆಲ್ಲ ಅನ್ನಬೇಡಿ."

"ಅನ್ನದೆ ಏನು ಮಾಡ್ಲಿ? ನಾನು ಮಾಡಿದ ತಪ್ಪಿಗೆ ನೀನು..."

"ನಂಗೆ ಗೊತ್ತಿತ್ತು ಅತ್ತೆ."

ಜ್ಯೋತಿಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು.

"ಪಿನ್ನು ಚುಚ್ಚೋಕೆ ಅಂತ ಇಳಿಸಿದ್ನಲ್ಲ, ಆವತ್ತೇ ನೋಡ್ದೆ. ನೀಲಿ ಖಾಲಿ ಇತ್ತು. ನಿಮ್ಮ ಮಗ ಹಾಕುವಾಗ ಪಕ್ಕದಲ್ಲೇ ಇದ್ದೆ ನಾನು, ಯಾವ ವೈರು ಎಲ್ಲಿಗೆ ಅಂತ ಗೊತ್ತಿಲ್ಲದೆ ಇರ್ತದಾ?"

"ಗೊತ್ತಿದ್ದೂ ಸುಮ್ನಿದ್ಯಾ?"

"ಇದ್ದೆ."

"ನಾನು ಒಪ್ಪೊತ್ತು ಮಾಡ್ತಿದ್ದೆ. ತಲೆ ತಿರುಗಿ ಬಿದ್ದೆ. ನೋಡ್ಕೊಂಡು ಸುಮ್ನಿದ್ಯಾ?"

"ದಿನಾ ಹೇಳ್ಬೇಕು ಅನ್ಕೊಳ್ತಿದ್ದೆ. ಬೆಳಿಗ್ಗೆ ಬಸ್ಸು ಬರ್ತಿತ್ತು, ಹತ್ತಿ ಹೋಗ್ತಿದ್ದೆ." ಅವಳ ದನಿ ಏರಿತು. "ಈ ಕೋಣೇಲಿ ಎಷ್ಟು ಹೊತ್ತು ಕೂರ್ಲಿ ಅತ್ತೆ ನಾನು? ಇಲ್ಲೇ ಅವರಿಗೆ ಔಷಧಿ ಕೊಟ್ಟೆ, ಇಲ್ಲೇ ಅವರು ಹೋದ್ರು, ಇಲ್ಲೇ ಕೂತು ದಿನಾ ಆಸ್ಪತ್ರೆ ಬಿಲ್ಲು ನೋಡ್ತೀನಿ. ಡಯಾಲಿಸಿಸ್ ಅಂತ ಬರೆದಿರ್ತದೆ, ಓದ್ತೀನಿ. ತಿರುಗಿ ನೋಡಿದ್ರೆ ಮಂಚ ಇದ್ದ ಜಾಗ. ಅಲ್ಲಿ ಆದ್ರೆ ನಾಲ್ಕು ಜನ ಇರ್ತಾರೆ. ಉಪ್ಪಿನಕಾಯಿ ಹಂಚ್ಕೊಳ್ತೀವಿ. ಜಗಳ ಆಡ್ತೀವಿ."

"ನಮ್ಮನೇಲಿ ಜನ ಇಲ್ವಾ?"

"ಇದೀರಿ. ಆದ್ರೆ ನಿಮ್ಮ ಮುಖ ನೋಡಿದ್ರೆ ನಂಗೆ ಅವರೇ ಕಾಣ್ತಾರೆ. ನನ್ನ ಮುಖ ನೋಡಿದ್ರೆ ನಿಮಗೂ ಹಂಗೇ ಅಲ್ವಾ?"

ಗುತ್ಯಮ್ಮ ಬಾಗಿಲ ಕಡೆ ತಿರುಗಿದಳು. "ದುಗ್ಗಿ ಹೇಳಿದ್ದು ಸರಿ," ಎಂದಷ್ಟೇ ಹೇಳಿ ಹೊರಟಳು.

"ಏನು ಹೇಳಿದ್ರು ದುಗ್ಗಮ್ಮ?" ಜ್ಯೋತಿಲಕ್ಷ್ಮಿ ಹಿಂದಿನಿಂದ ಕೂಗಿದಳು. "ಮಂಗಳೂರಿಗೆ ಓಡಿ ಹೋಗ್ತಾಳೆ ಅಂದ್ರಾ? ನಾನೆಲ್ಲಾದ್ರೂ ಹೇಳಿದೀನಾ ಮಂಗಳೂರಿಗೆ ಹೋಗ್ತೀನಿ ಅಂತ? ಸಂಜೆ ಆದ್ರೆ ಈ ಮನೆಗೇ ಬಂದಿಲ್ವಾ?"

ಪೂರ್ಣೇಶ ಚಹಾ ಕುಡಿಯದೆಯೇ ಬೈಕು ಹತ್ತಿದ.

ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟರು. ಬೇಕಾದದ್ದನ್ನು ಬಿಂದುಶ್ರೀಯ ಕೈಲಿ ಹೇಳಿ ಕಳಿಸುತ್ತಿದ್ದರು. "ನಿಮ್ಮಮ್ಮಂಗೆ ಹೇಳು, ಬೆಲ್ಲ ಮುಗೀತು." "ಅಜ್ಜಿಗೆ ಹೇಳು, ಡಬ್ಬೀಲಿ ಇನ್ನೊಂದು ಅಚ್ಚಿದೆ." ಮಾಸ್ತಪ್ಪ ಗಿರಣಿಯಿಂದ ಊಟಕ್ಕೆ ಬಂದವನು ಇಬ್ಬರನ್ನೂ ನೋಡಿ, "ಈ ಹುಡುಗೀನೇ ಸುರಂಗ ಆಗ್ಬಿಟ್ಲಲ್ಲ," ಅಂದ. ಯಾರೂ ನಗಲಿಲ್ಲ.

ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಟ್ಟರು. ಮಾಸ್ತಪ್ಪನ ತಂದೆತಾಯಿಯ ಎಲೆಗಳ ಪಕ್ಕ ಈ ಸಲ ಇನ್ನೊಂದು ಎಲೆ ಬಂತು. ಹೆತ್ತವರು ಮಗನನ್ನು ಹಿರಿಯನೆಂದು ಕರೆದು ಉಣ್ಣಲು ಕೂರಿಸುವುದಕ್ಕಿಂತ ದೊಡ್ಡ ದುಃಖ ದೇವರ ಸೃಷ್ಟಿಯಲ್ಲಿ ಇದ್ದ ಹಾಗಿಲ್ಲ. ಗುತ್ಯಮ್ಮ ಎಲೆಯ ಮೇಲೆ ಹೋಳಿಗೆ ಇಟ್ಟಳು. ಕೊನೆಯ ಎರಡು ವರ್ಷ ಡಾಕ್ಟರು ಉಪ್ಪು, ಬಾಳೆಹಣ್ಣು, ಎಳನೀರು ಎಲ್ಲ ಬಿಡಿಸಿದ್ದರು. ಅವನು ನೀರನ್ನೂ ಅಳೆದು ಕುಡಿದವನು. ಈಗ ಅವಳು ಒಂದೊಂದನ್ನೂ ಬೇಕೆಂದೇ ತುಂಬಾ ತುಂಬಾ ಬಡಿಸಿದಳು. ಎಳನೀರು ಕೆತ್ತಿ ತಂದು ಎಲೆಯ ಪಕ್ಕ ಇಟ್ಟದ್ದು ಜ್ಯೋತಿಲಕ್ಷ್ಮಿ. ಇಟ್ಟು ಅಲ್ಲಿಯೇ ಕುಳಿತಳು. ಹಿರಿಯರು ಉಣ್ಣುವ ಹೊತ್ತು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರಬೇಕು ಎಂದು ಮಾಸ್ತಪ್ಪ ಕರೆದ. ಗುತ್ಯಮ್ಮ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

ಹಬ್ಬ ಮುಗಿದು ಜ್ಯೋತಿಲಕ್ಷ್ಮಿ ಮನೆಯಲ್ಲಿಯೇ ಕೆಲಸಕ್ಕೆ ಕುಳಿತಳು. ಮೂರು ದೀಪವೂ ಹಸಿರು. ಲೈನ್ ಸರಿಯಾಯಿತು ಎಂದು ಕಾಂತರಾಜನಿಗೆ ತಿಳಿಸಿದಳು. ಮನೆಯಿಂದ ಕೆಲಸ ಮುಂದುವರಿಸುವುದಾದರೆ ಶುಕ್ರವಾರದೊಳಗೆ ಖಚಿತವಾಗಿ ಹೇಳಿ ಎಂದ. ಗುತ್ಯಮ್ಮ ಅಂದುಕೊಂಡ ಹಾಗೆಯೇ ಆಗಿತ್ತು. ಸೊಸೆ ಮನೆಯಲ್ಲಿ, ಮೊಮ್ಮಗಳು ಮನೆಯಲ್ಲಿ. ಅವಳು ಮಂಗಳವಾರ ರಾತ್ರಿ ಊಟಕ್ಕೆ ಕುಳಿತಳು. ಎರಡು ತುತ್ತು ಉಂಡು ಎದ್ದಳು.

ಬುಧವಾರ ಮಧ್ಯಾಹ್ನ ಸೊಸೆಯ ತಟ್ಟೆ ಕೋಣೆಯಿಂದ ಹಾಗೇ ಬಂತು. ಅರ್ಧ ಅನ್ನ, ಮುಟ್ಟದ ಪಲ್ಯ. ಗುತ್ಯಮ್ಮ ಅದನ್ನು ಕಲಗಚ್ಚಿಗೆ ಸುರಿಯಹೋದವಳು ನಿಂತಳು. ಗುರುವಾರ ತನ್ನ ತಟ್ಟೆಯನ್ನೂ ಹಿಡಿದುಕೊಂಡು ಕೋಣೆಗೆ ಹೋಗಿ ನೆಲದ ಮೇಲೆ ಕುಳಿತಳು.

"ಇಳಿದು ಬಾ. ಕುರ್ಚಿ ಮೇಲೆ ಕೂತು ಎಂಥ ಊಟ?"

ಜ್ಯೋತಿಲಕ್ಷ್ಮಿ ಇಳಿದು ಬಂದು ಎದುರು ಕುಳಿತಳು.

"ಅಲ್ಲಿ ಊಟಕ್ಕೆ ಯಾರ್ಯಾರು ಕೂರ್ತೀರಿ?"

"ಆರು ಜನ. ಸೌಜನ್ಯ, ಯಮುನಕ್ಕ, ಇನ್ನೂ ಮೂವರು."

"ಯಮುನಕ್ಕ ಅಂದ್ರೆ ಯಾರ ಪೈಕಿ?"

"ಸಾಗರದ ಕಡೆಯೋರು. ಅವರ ಮನೆಯವರೂ ತೀರಿಹೋಗಿ ಐದು ವರ್ಷ ಆಯ್ತು."

"ಅವಳು ಏನು ತರ್ತಾಳೆ ಬುತ್ತಿಗೆ?"

"ದಿನಾ ಚಿತ್ರಾನ್ನ. ನಮ್ಮನೆ ಕಡುಬು ಅಂದ್ರೆ ಬಿಡಲ್ಲ. ನಂಗೆ ಒಂದೇ ಉಳಿಸ್ತಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ಹೆಚ್ಚು ಹಾಕ್ತಿರ್ಲಿಲ್ವಾ?"

ಜ್ಯೋತಿಲಕ್ಷ್ಮಿ ತಲೆ ತಗ್ಗಿಸಿದಳು. ಗುತ್ಯಮ್ಮ ಅವಳ ತಟ್ಟೆಗೆ ಸಾರು ಬಡಿಸಿದಳು.

"ಈ ಸುರಂಗ ಅವನು ಮಾಡಿದ್ದು ನೀನು ಅವನ ಹತ್ರ ಇರ್ಲಿ ಅಂತ," ಎಂದಳು ಗುತ್ಯಮ್ಮ. "ಅವನೇ ಇಲ್ಲ."

ಸೊಸೆ ತಟ್ಟೆಯಿಂದ ತಲೆಯೆತ್ತಿದಳು.

"ಆಫೀಸಿನೋರಿಗೆ ಏನು ಹೇಳ್ಬೇಕೋ ನಾಳೆ ಹೇಳು. ತೀರ್ಥಹಳ್ಳಿಗೆ ಬರ್ತೀನಿ ಅನ್ನು."

"ಅತ್ತೆ..."

"ಮಂಗಳೂರಿಗೆ ಹೋಗು ಅಂದ್ರೆ?"

"ಹೋಗಲ್ಲ ಅಂತೀನಿ."

"ಹೋಗ್ಲೇಬೇಕು ಅಂದ್ರೆ?"

"ಅತ್ತೆ ಮಾವನ್ನೂ ಕರ್ಕೊಂಡು ಬರ್ತೀನಿ ಅಂತೀನಿ."

"ನಿಮ್ಮ ಮಾವ ಗಿರಣಿ ತಲೆ ಮೇಲೆ ಹೊತ್ಕೊಂಡು ಬರ್ತಾರಾ ಮಂಗಳೂರಿಗೆ?"

ಇಬ್ಬರಿಗೂ ಒಟ್ಟಿಗೆ ನಗು ಬಂತು. ನಕ್ಕ ಬೆನ್ನಿಗೇ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ದೊಡ್ಡ ಕಚೇರಿ ತೀರ್ಥಹಳ್ಳಿಗೇ ಒಪ್ಪಿತು. ಸೋಮವಾರ ಜ್ಯೋತಿಲಕ್ಷ್ಮಿ ಮತ್ತೆ ಎಂಟೂವರೆಯ ಬಸ್ಸು ಹತ್ತಿದಳು. ಸಂಜೆ ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಗುತ್ಯಮ್ಮ ಮೊಮ್ಮಗಳನ್ನು ಅಜ್ಜನ ಹತ್ತಿರ ಬಿಟ್ಟು, ಕೈಕಾಲು ತೊಳೆದು, ಪೇಟೆಯ ಬಸ್ಸು ನಿಲ್ಲುವ ಕಡೆ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಳು. ಒಂದು ಕಾಲದಲ್ಲಿ ಮಗ ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಶನಿವಾರ ಶನಿವಾರ ಅವಳು ಹೀಗೆ ಬಂದು ಕೂರುತ್ತಿದ್ದಳು. ಅವನು ಹೋದ ಮೇಲೆ ಅವಳು ಯಾರಿಗಾಗಿಯೂ ಹೀಗೆ ಬಂದು ಕೂತಿರಲಿಲ್ಲ. ಒಂದು ಬಸ್ಸು ಬಂತು. ಅದರಲ್ಲಿ ಅವಳಿರಲಿಲ್ಲ.

ದುಗ್ಗಮ್ಮ ತರಕಾರಿ ಚೀಲ ಹಿಡಿದುಕೊಂಡು ಎದುರಾದಳು.

"ಏನೆ, ಈ ಹೊತ್ತಲ್ಲಿ ಇಲ್ಲಿ ಕೂತಿದೀಯ?"

"ಜ್ಯೋತಿ ಬರ್ಬೇಕು."

"ಬಸ್ಸು ಹೋಯ್ತಲ್ಲೆ. ಇನ್ನೆಷ್ಟೊತ್ತಿಗೋ ಏನೋ."

"ಎಷ್ಟೊತ್ತಾದ್ರೂ ಆಗ್ಲಿ," ಎಂದು ಗುತ್ಯಮ್ಮ ಕಟ್ಟೆಯ ಮೇಲೆ ಇನ್ನೂ ಸ್ವಲ್ಪ ಹಿಂದೆ ಸರಿದು ಕುಳಿತಳು. "ಬರೋಳು ತಾನೆ."